ಗ್ಯಾಸ್ ತುಂಬಿಸುವುದು ರಿಪೇರಿಯಲ್ಲ

ಕಾಡು, ಹೊಳೆ, ಗಣಿ, ಅಣೆಕಟ್ಟೆ, ಸೊಪ್ಪಿನಬೆಟ್ಟ - ಇಂತಹ ಸಂಗತಿಗಳನ್ನೇ ಬಹುಪಾಲು ಚರ್ಚಿಸುತ್ತ ಬಂದಿರುವ ಈ ಪುಟದಲ್ಲಿ ಕಾರಿನ ಎ.ಸಿ. ರಿಪೇರಿಯ ಮಾತೇಕೆ ಎಂದು ಓದುಗರಲ್ಲಿ ಕೆಲವರಿಗಾದರೂ ಅನ್ನಿಸದಿರದು. 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ಜನರು ಮರವನ್ನು ಅಪ್ಪಿಕೊಂಡು ನಿಂತಾಗ ಎದುರಿಗೆ ಕೊಡಲಿ ಇತ್ತು. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿಗಾರಿಕೆ ನಿಂತಾಗ ಅದುವರೆಗೆ ಎದುರಿಗಿದ್ದದ್ದು ಕೆಮ್ಮಣ್ಣು ಹೊತ್ತ ಭದ್ರೆ. ಅಂತಹ ಹಾನಿ ಕಣ್ಣಿಗೆ ಕಾಣುತ್ತಿತ್ತು. ಆದುದರಿಂದ ಜನರನ್ನು ಸೇರಿಸುವುದೂ ಸಾಧ್ಯವಾಯಿತು. ಆದರೆ ಬಣ್ಣವಿಲ್ಲದ, ನಮ್ಮ ಮೂಗಿಗೆ ಬಡಿಯದ, ನಮ್ಮದೇ ಅಂಗಳದಲ್ಲಿ ನಿಂತ ವಾಹನದಿಂದ ಹೊರಟು ಹೋಗುವ ಅನಿಲದ ವಿಷಯದಲ್ಲಿ ಯಾರ ಎದುರು ಧರಣಿ ಕೂರಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೇ ಈ ಬರಹ.

ಮಲೆನಾಡಿನ ಹಳ್ಳಿಗಳಲ್ಲಿ ಕಾರು ಈಗ ಅಪರೂಪದ ವಸ್ತುವಲ್ಲ. ಬಾಡಿಗೆ ಓಡಿಸುವ ಯುವಕರು, ಹೋಂಸ್ಟೇ ನಡೆಸುವವರು, ಅಡಿಕೆ-ಕಾಫಿಯ ಸಣ್ಣ ಬೆಳೆಗಾರರು, ಶಾಲಾ ಶಿಕ್ಷಕರು - ಹೀಗೆ ಹಲವರ ಮನೆಯಲ್ಲಿ ಒಂದು ವಾಹನವಿದೆ, ಅದರಲ್ಲಿ ಎ.ಸಿ.ಯೂ ಇದೆ. ಇದು ಬರಿಯ ಐಷಾರಾಮವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆಷಾಢದ ಮಳೆಯಲ್ಲಿ ಘಟ್ಟದ ತಿರುವುಗಳಲ್ಲಿ ಗಾಡಿ ಓಡಿಸುವವರಿಗೆ ಎ.ಸಿ. ಬೇಕಾಗುವುದು ತಂಪಿಗಾಗಿ ಅಲ್ಲ, ಮುಂದಿನ ಗಾಜಿನ ಒಳಮೈಗೆ ಕಟ್ಟುವ ಮಂಜನ್ನು ತೆಗೆಯುವುದಕ್ಕಾಗಿ. ಎ.ಸಿ. ಗಾಳಿಯನ್ನು ತಣ್ಣಗೆ ಮಾಡುವುದರ ಜೊತೆಗೆ ಅದರಲ್ಲಿನ ತೇವವನ್ನೂ ಹಿಂಡಿ ತೆಗೆಯುತ್ತದೆ. ಒಣಗಾಳಿ ಗಾಜಿನ ಮೇಲೆ ಹಾಯ್ದರೆ ಮಂಜು ನಿಮಿಷದೊಳಗೆ ಕರಗುತ್ತದೆ. ಎದುರಿನಿಂದ ಬರುವ ಲಾರಿ ಕಾಣಬೇಕೋ ಬೇಡವೋ ಎಂಬಷ್ಟು ನೇರವಾದ ಪ್ರಶ್ನೆ ಇದು. ಹಾಗಾಗಿ 'ಎ.ಸಿ. ಬಿಟ್ಟುಬಿಡಿ' ಎಂಬ ಉಪದೇಶ ನಮ್ಮದಲ್ಲ; ಅದನ್ನು ಸರಿಯಾಗಿ ಇಟ್ಟುಕೊಳ್ಳಿ, ಕೆಟ್ಟಾಗ ಸರಿಯಾಗಿ ರಿಪೇರಿ ಮಾಡಿಸಿ ಎಂಬುದು ನಮ್ಮ ಮಾತು.

ಸರಿಯಾದ ರಿಪೇರಿ ಎಂದರೇನೆಂದು ತಿಳಿಯಲು ಯಂತ್ರದ ಕ್ರಮವನ್ನು ಅರಿಯಬೇಕು. ಮಣ್ಣಿನ ಹೂಜಿಯ ನೀರು ತಣ್ಣಗಿರುವುದೇಕೆ? ಹೊರಮೈಯಿಂದ ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಕಾರಿನಲ್ಲಿ ನಡೆಯುವುದೂ ಇದೇ. ಅಲ್ಲಿ ನೀರಿನ ಬದಲು ಆರ್-134ಎ ಎಂಬ ಶೀತಕವಿದೆ; ಸಾಧಾರಣ ಒತ್ತಡದಲ್ಲಿ ಇದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಈ ಅನಿಲವನ್ನು ಅದುಮುತ್ತದೆ. ಅದುಮಿದಾಗ ಅದು ಬಿಸಿಯಾಗುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಹೊರಗಾಳಿಗೆ ಶಾಖ ಬಿಟ್ಟುಕೊಟ್ಟು ದ್ರವವಾಗುತ್ತದೆ. ತೇವ ಹೀರುವ ಡ್ರೈಯರನ್ನು ದಾಟಿ ಎಕ್ಸ್‌ಪಾನ್ಶನ್ ವಾಲ್ವಿನ ಕಿರಿದಾದ ದಾರಿಯಲ್ಲಿ ನುಗ್ಗಿ, ಡ್ಯಾಶ್‌ಬೋರ್ಡಿನ ಹಿಂದಿರುವ ಇವಾಪರೇಟರಿನಲ್ಲಿ ಆವಿಯಾಗುತ್ತದೆ. ಆಗ ಒಳಗಿನ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಅಲ್ಲಿಂದ ಮತ್ತೆ ಕಂಪ್ರೆಸರಿಗೆ. ಎ.ಸಿ. ಹಾಕಿ ನಿಲ್ಲಿಸಿದ ಕಾರಿನ ಕೆಳಗೆ ತೊಟ್ಟಿಕ್ಕುವ ನೀರು ಇವಾಪರೇಟರಿನ ಮೇಲೆ ಕಟ್ಟಿದ ತೇವ. ಅದು ದೋಷವಲ್ಲ, ಯಂತ್ರ ಸರಿಯಾಗಿರುವುದರ ಗುರುತು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಒಂದಿದೆ. ಈ ಶೀತಕ ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಪೆಟ್ರೋಲಿನಂತೆ ಅದು ಉರಿದು ಖರ್ಚಾಗುವುದಿಲ್ಲ. ರಬ್ಬರಿನ ಕೊಳವೆಗಳ ಮೂಲಕ ಹಲವು ವರ್ಷಗಳಲ್ಲಿ ಅಲ್ಪ ಪ್ರಮಾಣ ಜಿನುಗಬಹುದು, ಅಷ್ಟೆ. ಪ್ರತಿ ಬೇಸಿಗೆಯಲ್ಲೂ 'ಗ್ಯಾಸ್ ಕಡಿಮೆಯಾಗಿದೆ, ತುಂಬಿಸಬೇಕು' ಎಂದರೆ ಎಲ್ಲೋ ತೂತಿದೆ ಎಂದೇ ಅರ್ಥ. ತೂತಿದ್ದ ಕೊಡಕ್ಕೆ ನೀರು ಹೊಯ್ಯುವವರನ್ನು ಕಂಡರೆ ನಾವು ನಗುತ್ತೇವೆ. ತೂತಿದ್ದ ಎ.ಸಿ.ಗೆ ಗ್ಯಾಸ್ ತುಂಬಿಸಿ ಹಣ ಕೊಟ್ಟು ಬರುವಾಗ ಮಾತ್ರ ರಿಪೇರಿಯಾಯಿತೆಂದು ನೆಮ್ಮದಿಪಡುತ್ತೇವೆ.

ಇದರ ಬೆಲೆಯೇನು? ಸಾಮಾನ್ಯ ಸಣ್ಣ ಕಾರಿನಲ್ಲಿ ಸುಮಾರು ಅರ್ಧ ಕಿಲೋ ಶೀತಕವಿರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಆರ್-134ಎ ಸುಮಾರು 1,300 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ. ಅಂದರೆ ಅರ್ಧ ಕಿಲೋ ಸೋರಿದರೆ 650 ಕಿಲೋ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೊರಬರುವ ಇಂಗಾಲದ ಡೈಆಕ್ಸೈಡ್ ಸುಮಾರು 2.3 ಕಿಲೋ. ಭಾಗಿಸಿ ನೋಡಿದರೆ ಸುಮಾರು 280 ಲೀಟರ್ ಪೆಟ್ರೋಲ್! ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿನಲ್ಲಿ ಇದು 4,200 ಕಿಲೋಮೀಟರ್. ಶಿವಮೊಗ್ಗದಿಂದ ಬೆಂಗಳೂರಿಗೆ ಏಳು ಸಲ ಹೋಗಿ ಬಂದಷ್ಟು. ಗಾಡಿ ಒಂದಡಿಯೂ ಕದಲದೆ, ಅಂಗಳದಲ್ಲಿ ನಿಂತಲ್ಲೇ, ಇಷ್ಟು ಹೊರೆ ಆಕಾಶ ಸೇರುತ್ತದೆ. ಪ್ರತಿವರ್ಷ ತುಂಬಿಸಿದರೆ ಪ್ರತಿವರ್ಷವೂ ಸೇರುತ್ತದೆ.

ಯಾವುದೋ ಒಂದು ಕಾರಿನ ಗ್ಯಾಸಿನಿಂದ 2018ರಲ್ಲಿ ಕೊಡಗಿನ ಗುಡ್ಡ ಕುಸಿಯಿತೆಂದೋ 2024ರ ಜುಲೈಯಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಮಣ್ಣು ಜಾರಿತೆಂದೋ ಹೇಳುವುದು ಬುದ್ಧಿವಂತಿಕೆಯಲ್ಲ. ಗುಡ್ಡ ಕಡಿದ ರೀತಿ, ನೀರಿನ ದಾರಿ ಮುಚ್ಚಿದ ರೀತಿ ಇವುಗಳ ಪಾಲನ್ನು ಮರೆಮಾಚಬಾರದು. ಆದರೆ ಬಿಸಿಯಾದ ಗಾಳಿ ಹೆಚ್ಚು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ ಎಂಬುದು ಭೌತಶಾಸ್ತ್ರ. ಗುಡ್ಡದ ಬುಡದಲ್ಲಿ ಮನೆ ಕಟ್ಟಿಕೊಂಡವರಿಗೆ ಈ ಭೌತಶಾಸ್ತ್ರ ಪಠ್ಯದ ವಿಷಯವಲ್ಲ.

ಶೀತಕಗಳ ಚರಿತ್ರೆಯೂ ವಿದ್ಯಾರ್ಥಿಗಳು ತಿಳಿಯಬೇಕಾದದ್ದು. ಅಮೆರಿಕದ ಪ್ಯಾಕಾರ್ಡ್ ಕಂಪನಿ 1940ರ ಮಾದರಿಯ ಕಾರುಗಳಲ್ಲಿ ಎ.ಸಿ. ಒದಗಿಸಿತು. ಅನಂತರದ ದಶಕಗಳಲ್ಲಿ ಕಾರುಗಳಲ್ಲಿದ್ದದ್ದು ಆರ್-12 ಎಂಬ ಕ್ಲೋರೋಫ್ಲೋರೋಕಾರ್ಬನ್. ವಿಷವಲ್ಲ, ಬೆಂಕಿ ಹತ್ತುವುದಿಲ್ಲ ಎಂದು ಹೊಗಳಿಸಿಕೊಂಡ ವಸ್ತು. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಇದು ಓಜೋನ್ ಪದರವನ್ನು ತಿನ್ನುತ್ತದೆಂದು ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ಓಜೋನ್ ಸವಕಳಿ ಬೆಳಕಿಗೆ ಬಂದಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. 2010ರ ಹೊತ್ತಿಗೆ ನಮ್ಮಲ್ಲೂ ಆರ್-12ರ ಕಾಲ ಮುಗಿಯಿತು. ಈಗಿನ ನಿಯಮಗಳು ಹೀಗೇ ಪಾಲನೆಯಾದರೆ ಜಗತ್ತಿನ ಬಹುಭಾಗದಲ್ಲಿ ಓಜೋನ್ ಪದರ 2040ರ ಸುಮಾರಿಗೆ, ಅಂಟಾರ್ಕ್ಟಿಕಾದ ಮೇಲೆ 2066ರ ಸುಮಾರಿಗೆ, 1980ರ ಸ್ಥಿತಿಗೆ ಮರಳೀತೆಂದು ವಿಜ್ಞಾನಿಗಳ ಅಂದಾಜು. ಜಗತ್ತು ಒಟ್ಟಾಗಿ ನಿಂತರೆ ಆಕಾಶವನ್ನೂ ರಿಪೇರಿ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆದರೆ ಅದರ ಸ್ಥಾನಕ್ಕೆ ಬಂದ ಆರ್-134ಎ ಓಜೋನನ್ನು ಮುಟ್ಟದಿದ್ದರೂ ಭೂಮಿಯನ್ನು ಕಾಯಿಸುತ್ತದೆ. ಆದುದರಿಂದ 2016ರಲ್ಲಿ ಕಿಗಾಲಿಯಲ್ಲಿ ಒಪ್ಪಂದಕ್ಕೆ ತಿದ್ದುಪಡಿಯಾಯಿತು. ಭಾರತ 2021ರಲ್ಲಿ ಅದನ್ನು ಅನುಮೋದಿಸಿದೆ. ಅದರಂತೆ ನಮ್ಮ ಬಳಕೆ 2028ಕ್ಕೆ ಒಂದು ಮಿತಿಯಲ್ಲಿ ನಿಲ್ಲಬೇಕು. 2032ರಲ್ಲಿ ಶೇಕಡಾ 10ರಷ್ಟು ಇಳಿಯಬೇಕು. 2047ರ ಹೊತ್ತಿಗೆ ಶೇಕಡಾ 85ರಷ್ಟು ಇಳಿಯಬೇಕು. ಐರೋಪ್ಯ ಒಕ್ಕೂಟದಲ್ಲಿ 2017ರಿಂದ ಹೊಸ ಕಾರುಗಳಲ್ಲಿ ಆರ್-134ಎ ಬಳಸುವಂತಿಲ್ಲ. ಅಲ್ಲಿ ಬಂದಿರುವ ಆರ್-1234ವೈಎಫ್ ಭೂಮಿಯನ್ನು ಕಾಯಿಸುವುದು ತೀರ ಅಲ್ಪ. ಆದರೆ ಅದು ಸ್ವಲ್ಪ ಉರಿಯಬಲ್ಲ ವಸ್ತು. ವಾತಾವರಣದಲ್ಲಿ ಒಡೆದಾಗ ಟ್ರೈಫ್ಲೋರೋ ಅಸಿಟಿಕ್ ಆಮ್ಲವಾಗಿ ಮಳೆಯೊಡನೆ ಇಳಿಯುತ್ತದೆ, ಅದು ಸುಲಭವಾಗಿ ಕರಗಿ ಹೋಗುವಂಥದಲ್ಲ. ಮಳೆಯ ನಾಡಿನವರಾದ ನಾವು ಈ ಹೊಸ ದೇವರಿಗೂ ಕಣ್ಣುಮುಚ್ಚಿ ಕೈಮುಗಿಯಬೇಕಿಲ್ಲ. ಯಾವ ಶೀತಕವಾದರೂ ಸೋರದಂತೆ ನೋಡಿಕೊಳ್ಳುವುದೇ ಮೊದಲ ಧರ್ಮ.

ಇನ್ನು ದೋಷ ಗುರುತಿಸುವ ಕ್ರಮ. ಎ.ಸಿ. ತಣ್ಣಗಾಗದಿದ್ದರೆ ಗ್ಯಾಸಿನ ಸುದ್ದಿ ಕೊನೆಗಿರಲಿ. ಮೊದಲು ಗಾಳಿಯನ್ನು ನೋಡಬೇಕು. ಗಾಳಿ ತಣ್ಣಗಿದೆ, ಆದರೆ ರಭಸವಿಲ್ಲ ಎಂದರೆ ಕ್ಯಾಬಿನ್ ಫಿಲ್ಟರ್ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ನಮ್ಮ ಕಡೆ ಮರದಡಿ ನಿಲ್ಲಿಸಿದ ಕಾರುಗಳಲ್ಲಿ ತರಗೆಲೆ, ಇರುವೆಗೂಡು, ಕೆಲವೊಮ್ಮೆ ಇಲಿಯ ಗೂಡೇ ಅಲ್ಲಿ ಸಿಗುವುದುಂಟು. ಹಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಗೂಡನ್ನು ಬಿಚ್ಚಿ ಈ ಫಿಲ್ಟರನ್ನು ನಾವೇ ತೆಗೆದು ಬದಲಿಸಬಹುದು. ಗಾಳಿ ಜೋರಾಗಿದೆ, ತಂಪಿಲ್ಲ ಎಂದರೆ ಕಂಪ್ರೆಸರಿನ ಕ್ಲಚ್ ಕಚ್ಚುತ್ತಿದೆಯೇ ನೋಡಬೇಕು. ಕಚ್ಚದಿದ್ದರೆ ಫ್ಯೂಸ್, ರಿಲೇ, ಇಲಿ ಕಡಿದ ತಂತಿ, ಒತ್ತಡದ ಸ್ವಿಚ್ಚು ಇವುಗಳನ್ನು ಪರೀಕ್ಷಿಸಬೇಕು. ಶೀತಕ ತೀರ ಇಳಿದಾಗ ಈ ಸ್ವಿಚ್ಚು ಕಂಪ್ರೆಸರನ್ನು ತಡೆಯುತ್ತದೆ. ಏಕೆಂದರೆ ಕಂಪ್ರೆಸರಿಗೆ ಬೇಕಾದ ಎಣ್ಣೆ ಶೀತಕದೊಡನೆಯೇ ಸುತ್ತುತ್ತದೆ. ಸ್ವಿಚ್ಚಿನ ಎರಡು ತಂತಿಗಳನ್ನು ನೇರ ಜೋಡಿಸಿ ಓಡಿಸುವ ಜಾಣತನ ಕಂಪ್ರೆಸರನ್ನೇ ಸುಡುತ್ತದೆ.

ಗಾಡಿ ಓಡುವಾಗ ತಂಪು, ನಿಂತಾಗ ಬಿಸಿ ಎಂದರೆ ಕಂಡೆನ್ಸರಿನ ಫ್ಯಾನು ತಿರುಗುತ್ತಿಲ್ಲ, ಇಲ್ಲವೇ ಕಂಡೆನ್ಸರಿನ ಮೈ ಕೆಸರು-ಹುಳುಗಳಿಂದ ಮುಚ್ಚಿದೆ. ಮಣ್ಣುರಸ್ತೆಯಲ್ಲಿ ಓಡಾಡುವ ನಮ್ಮ ಗಾಡಿಗಳಲ್ಲಿ ಇದು ಸಾಮಾನ್ಯ. ಮೆಲುವಾದ ನೀರಿನಿಂದ ತೊಳೆದರೆ ಸಾಕು. ಸರ್ವೀಸ್ ಸ್ಟೇಷನ್ನಿನ ರಭಸದ ನೀರು ಅದರ ತೆಳುವಾದ ತಗಡುಗಳನ್ನು ಮಡಚಿಬಿಡುತ್ತದೆ. ಸ್ವಲ್ಪ ಹೊತ್ತು ತಂಪಾಗಿ ಆಮೇಲೆ ನಿಂತುಹೋದರೆ ಇವಾಪರೇಟರಿನ ಮೇಲೆ ಹಿಮ ಕಟ್ಟಿದೆಯೇ, ಒಳಗೆ ಸೇರಿದ ತೇವ ವಾಲ್ವಿನಲ್ಲಿ ಹೆಪ್ಪುಗಟ್ಟಿದೆಯೇ ಎಂದು ಯೋಚಿಸಬೇಕು. ಬೂಷ್ಟಿನ ವಾಸನೆ ಬಂದರೆ, ಕಾಲಡಿಯ ಮ್ಯಾಟು ಒದ್ದೆಯಾದರೆ, ನೀರು ಹೊರಹೋಗುವ ಕೊಳವೆ ಕಟ್ಟಿದೆ. ಊರು ತಲುಪುವ ಕೆಲವು ನಿಮಿಷ ಮೊದಲೇ ಎ.ಸಿ. ಆರಿಸಿ ಬರಿಯ ಫ್ಯಾನು ಬಿಟ್ಟರೆ ಒಳಗಿನ ತೇವ ಆರಿ ಬೂಷ್ಟು ಹಿಡಿಯುವುದು ತಗ್ಗುತ್ತದೆ.

ಗಾಜಿನ ಮಂಜಿನ ವಿಷಯದಲ್ಲೂ ಒಂದು ವಿವೇಕ ಬೇಕು. ಮಳೆಯಲ್ಲಿ ಒಳಮೈಗೆ ಮಂಜು ಕಟ್ಟಿದಾಗ ಒಳಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಬಿಟ್ಟು ಹೊರಗಾಳಿ ಬರುವಂತೆ ಮಾಡಿ ಎ.ಸಿ. ಹಾಕಬೇಕು. ಆಗುಂಬೆ ಇಳಿದು ಸೋಮೇಶ್ವರ ಮುಟ್ಟುವಾಗ ಕೆಲವೊಮ್ಮೆ ಗಾಜಿನ ಹೊರಮೈಯೇ ಮಸುಕಾಗುತ್ತದೆ. ಅದು ತಣ್ಣಗಾದ ಗಾಜಿನ ಮೇಲೆ ಕರಾವಳಿಯ ಬೆಚ್ಚನೆಯ ತೇವಗಾಳಿ ಕಟ್ಟಿದ್ದು. ಅದಕ್ಕೆ ವೈಪರ್ ಹಾಕಿ, ಎ.ಸಿ.ಯ ತಂಪನ್ನು ಇಳಿಸಬೇಕೇ ಹೊರತು ಏರಿಸಬಾರದು.

ಇವೆಲ್ಲ ಸರಿಯಿದ್ದರೆ ಮಾತ್ರ ಶೀತಕದ ಸೋರಿಕೆಯ ಅನುಮಾನ. ಎಲ್ಲಿ ಶೀತಕ ಸೋರುತ್ತದೆಯೋ ಅಲ್ಲಿ ಎಣ್ಣೆಯೂ ಜಿನುಗಿ ಧೂಳು ಹಿಡಿದಿರುತ್ತದೆ. ಕೊಳವೆಯ ಕೂಡುಗಳು, ಕಂಪ್ರೆಸರಿನ ಮುಂಭಾಗದ ಸೀಲು, ಕಲ್ಲೇಟು ತಿಂದ ಕಂಡೆನ್ಸರು - ಇವು ಮೊದಲು ನೋಡಬೇಕಾದ ಸ್ಥಳಗಳು. ಇಲ್ಲೊಂದು ಮಾತು: ಬೆಟ್ಟದ ಊರುಗಳಲ್ಲಿ ಹಲವರು ಎ.ಸಿ. ಹಾಕುವುದು ಮಂಗಳೂರಿಗೋ ಬೆಂಗಳೂರಿಗೋ ಹೋದಾಗ ಮಾತ್ರ. ತಿಂಗಳುಗಟ್ಟಲೆ ಓಡಿಸದಿದ್ದರೆ ಎಣ್ಣೆ ತಲುಪದೆ ಕಂಪ್ರೆಸರಿನ ಸೀಲು ಒಣಗಿ ಸೋರತೊಡಗುತ್ತದೆ. ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸುವುದು ಪರಿಸರಕ್ಕೆ ವಿರುದ್ಧವಲ್ಲ, ಪೂರಕ.

ಬಲ್ಲ ಮೆಕ್ಯಾನಿಕ್ ಹೀಗೆ ಕೆಲಸ ಮಾಡುತ್ತಾನೆ: ಉಳಿದ ಶೀತಕವನ್ನು ಗಾಳಿಗೆ ಬಿಡದೆ ಯಂತ್ರದಿಂದ ಸಿಲಿಂಡರಿಗೆ ಹಿಂತೆಗೆಯುತ್ತಾನೆ. ಒಣ ನೈಟ್ರೋಜನ್ ತುಂಬಿ, ಸಾಬೂನಿನ ನೊರೆ ಅಥವಾ ಸೋರಿಕೆ ಪತ್ತೆಯ ಉಪಕರಣದಿಂದ ತೂತು ಹುಡುಕುತ್ತಾನೆ. ಕೆಟ್ಟ ಭಾಗ ಬದಲಿಸುತ್ತಾನೆ; ಕೊಳವೆ ಬಿಚ್ಚಿದ್ದರೆ ಡ್ರೈಯರನ್ನೂ ಬದಲಿಸುತ್ತಾನೆ. ವ್ಯಾಕ್ಯೂಮ್ ಪಂಪಿನಿಂದ ಕನಿಷ್ಠ ಅರ್ಧ ಗಂಟೆ ಗಾಳಿ-ತೇವ ಎಳೆದು, ಪಂಪು ನಿಲ್ಲಿಸಿ ಮುಳ್ಳು ಕದಲುತ್ತದೆಯೇ ಎಂದು ಕಾಯುತ್ತಾನೆ. ಸಮುದ್ರ ಮಟ್ಟದಲ್ಲಿ ಈ ಮುಳ್ಳು 30 ಇಂಚಿನ ಹತ್ತಿರ ಹೋಗುತ್ತದೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಸುಮಾರು 26ಕ್ಕೇ ನಿಲ್ಲುತ್ತದೆ. ಅದು ಪಂಪಿನ ದೋಷವಲ್ಲ, ಎತ್ತರದ ಗುಣ. ಕೊನೆಗೆ ಬಾನೆಟ್ಟಿನ ಅಡಿಯ ಚೀಟಿಯಲ್ಲಿ ನಮೂದಿಸಿದಷ್ಟೇ ಗ್ರಾಂ ಶೀತಕವನ್ನು ತೂಗಿ ತುಂಬುತ್ತಾನೆ.

ತೂಕವೇ ಏಕೆ, ಗೇಜು ಸಾಲದೇ? ಅಡುಗೆಮನೆಯ ಸಿಲಿಂಡರನ್ನು ನೆನೆದರೆ ಉತ್ತರ ಸಿಗುತ್ತದೆ. ಅರ್ಧ ಖಾಲಿಯಾದರೂ ಒಲೆಯ ಉರಿ ಇಳಿಯುವುದಿಲ್ಲ. ಒಳಗೆ ದ್ರವ ಇರುವಷ್ಟು ಕಾಲ ಒತ್ತಡ ಒಂದೇ. ಎಷ್ಟು ಉಳಿದಿದೆಯೆಂದು ತಿಳಿಯಲು ಎತ್ತಿ ನೋಡುತ್ತೇವೆ. ನಿಂತ ಕಾರಿನ ಎ.ಸಿ.ಯೂ ಹಾಗೆಯೇ. ಓಡುವಾಗಿನ ಒತ್ತಡ ದೋಷದ ಸುಳಿವು ಕೊಡುತ್ತದೆ, ಪ್ರಮಾಣ ಹೇಳುವುದಿಲ್ಲ. ಹೆಚ್ಚು ತುಂಬಿದರೂ ತಂಪು ಕುಗ್ಗಿ ಕಂಪ್ರೆಸರಿಗೆ ಭಾರವಾಗುತ್ತದೆ. ಅಗ್ಗವೆಂದು ಅಡುಗೆ ಅನಿಲವನ್ನೋ ಹೆಸರಿಲ್ಲದ ಡಬ್ಬಿಯ ಮಿಶ್ರಣವನ್ನೋ ತುಂಬುವುದಂತೂ ಕೂಡದು. ಇವಾಪರೇಟರ್ ಸೋರಿದರೆ ಅದು ಸೇರುವುದು ನಾವು ಕುಳಿತ ಜಾಗಕ್ಕೆ, ಒಂದು ಕಿಡಿ ಸಾಕು. ವಿದ್ಯುತ್ ಕಾರುಗಳ ಕಂಪ್ರೆಸರ್ ಹೆಚ್ಚಿನ ವೋಲ್ಟೇಜಿನದು, ಅದರ ಎಣ್ಣೆಯೂ ಬೇರೆ. ತರಬೇತಿಯಿಲ್ಲದವರು ಅದಕ್ಕೆ ಕೈ ಹಾಕಬಾರದು.

ದೋಷವೆಲ್ಲವನ್ನೂ ಮೆಕ್ಯಾನಿಕ್ಕನ ತಲೆಗೆ ಕಟ್ಟುವುದು ಸುಲಭ, ಆದರೆ ಅನ್ಯಾಯ. ಸಣ್ಣ ಊರಿನ ಗ್ಯಾರೇಜಿನವನಿಗೆ ಶೀತಕ ಹಿಂತೆಗೆಯುವ ಯಂತ್ರ ಕೊಳ್ಳುವ ಶಕ್ತಿಯಿಲ್ಲ. ಬಾಡಿಗೆ ಗಾಡಿಯವನಿಗೆ ಒಂದು ದಿನ ಗಾಡಿ ನಿಂತರೆ ಆ ದಿನದ ಅನ್ನ ಹೋಗುತ್ತದೆ. ಅವನು ಅರ್ಧ ಗಂಟೆಯಲ್ಲಿ ಗ್ಯಾಸ್ ತುಂಬಿ ಕಳಿಸು ಎನ್ನುತ್ತಾನೆ. ಸೋರಿಕೆ ಹುಡುಕಲು ಕೂಲಿ ಕೇಳಿದರೆ ಗಿರಾಕಿ ಪಕ್ಕದ ಗ್ಯಾರೇಜಿಗೆ ಹೋಗುತ್ತಾನೆ. ಹೀಗೆ ಕೆಟ್ಟ ಕೆಲಸಕ್ಕೆ ನಾವೇ ಬೆಲೆ ಕೊಟ್ಟು, ಒಳ್ಳೆಯ ಕೆಲಸಕ್ಕೆ ಬೆಲೆಯಿಲ್ಲದಂತೆ ಮಾಡಿದ್ದೇವೆ. ಅಮೆರಿಕದಲ್ಲಿ ಪ್ರಮಾಣಪತ್ರ ಪಡೆದವರಷ್ಟೇ ಕೂಲಿಗಾಗಿ ಕಾರಿನ ಎ.ಸಿ. ಬಿಚ್ಚಬಹುದೆಂಬ ಕಾನೂನಿದೆ. ನಮ್ಮಲ್ಲಿ 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಶೀತಲೀಕರಣ ಕ್ರಿಯಾ ಯೋಜನೆ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ ಕೊಡುವ ಗುರಿ ಇಟ್ಟಿತ್ತು. ಅಂತಹ ತರಬೇತಿ ತಾಲೂಕು ಕೇಂದ್ರದ ಗ್ಯಾರೇಜಿನವರೆಗೆ ಇಳಿದು ಬರಬೇಕೆಂದು ಒತ್ತಾಯಿಸುವುದು ನಮ್ಮ ಕೆಲಸ.

ಇದಕ್ಕೆ ದಾರಿಗಳಿವೆ. ಒಂದು ತಾಲೂಕಿನ ನಾಲ್ಕಾರು ಗ್ಯಾರೇಜಿನವರು ಕೂಡಿ ಒಂದು ಹಿಂತೆಗೆಯುವ ಯಂತ್ರ ಇಟ್ಟುಕೊಳ್ಳಬಹುದು. ಅಡಿಕೆಗೂ ಹಾಲಿಗೂ ಸಹಕಾರ ಸಂಘ ಕಟ್ಟಿದ ನಾಡಿಗೆ ಇದು ಹೊಸ ಪಾಠವಲ್ಲ. ಸಹಕಾರಿ ಬ್ಯಾಂಕುಗಳು ಇದಕ್ಕೆ ಸಾಲ ಕೊಡುವಂತಾಗಬೇಕು. ಐ.ಟಿ.ಐ. ಸೇರುವ ವಿದ್ಯಾರ್ಥಿಗಳು ಶೀತಲೀಕರಣದ ವಿಭಾಗವನ್ನು ಕೀಳಾಗಿ ಕಾಣದಿರಲಿ. ಊರು ಬಿಟ್ಟು ಹೋಗದೆ, ಗೌರವದಿಂದ ದುಡಿಯುತ್ತ, ಹವಾಮಾನ ರಕ್ಷಣೆಯ ಕೆಲಸವನ್ನೂ ಮಾಡಬಲ್ಲ ಉದ್ಯೋಗ ಅದು.

ಗಾಡಿ ಇರುವ ಓದುಗರಲ್ಲಿ ನಮ್ಮ ಕೋರಿಕೆ ಸರಳವಾದದ್ದು. ಮುಂದಿನ ಸಲ ಗ್ಯಾರೇಜಿಗೆ ಹೋದಾಗ ನಾಲ್ಕು ಮಾತು ಕೇಳಿ. ಸೋರಿಕೆ ಎಲ್ಲಿದೆ? ಹಳೆಯ ಗ್ಯಾಸ್ ಎಲ್ಲಿಗೆ ಬಿಡುತ್ತೀರಿ? ವ್ಯಾಕ್ಯೂಮ್ ಎಷ್ಟು ಹೊತ್ತು ಎಳೆದಿರಿ? ಎಷ್ಟು ಗ್ರಾಂ ತುಂಬಿದಿರಿ? ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಸರಿಯಾಗಿ ಮಾಡಿದವನಿಗೆ ಅವನು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಕಣ್ಣಿಗೆ ಕಾಣದ ಹಾನಿಯ ಎದುರು ಧರಣಿ ಕೂರಲು ಜಾಗವಿಲ್ಲದಿರಬಹುದು. ಪ್ರಶ್ನೆ ಕೇಳಲು ಮಾತ್ರ ಪ್ರತಿಯೊಂದು ಗ್ಯಾರೇಜಿನ ಬಾಗಿಲೂ ತೆರೆದಿದೆ.